ಹಿಕ್ಸ್‌ವಿಲ್ಲಿಗೆ, ಸತ್ತ ನಟನ ದನಿ ಹೊತ್ತು

ನ್ಯೂ ಜೆರ್ಸಿಯ ವೆಸ್ಟ್ ವಿಂಡ್ಸರಿನಿಂದ ಹಿಕ್ಸ್‌ವಿಲ್ಲಿಗೆ ಕಾರಿನಲ್ಲಿ ಹೋದರೆ ದಾರಿಯುದ್ದಕ್ಕೂ ಸೇತುವೆ, ಟೋಲು, ಬೈಗುಳ. ರೈಲೇ ವಾಸಿ ಎಂದು ನಮ್ಮ ಮೈಸೂರಿನವರೇ ಆದ ಶ್ಯಾಮಲಾ ಆಂಟಿ ತೀರ್ಮಾನಿಸಿದರು. ಪಿಸ್ಕಾಟವೇಯಲ್ಲಿ ಓದುವ ನಾನು ಹಿಂದಿನ ದಿನವೇ ಅವರ ಮನೆಗೆ ಬಂದು ಮಲಗಿದ್ದೆ; ನಿದ್ದೆ ಮಾಡಿದೆ ಎಂದು ಹೇಳಲಾರೆ. ಫೆಬ್ರವರಿಯ ಆ ಶನಿವಾರ ಪ್ರಿನ್ಸ್‌ಟನ್ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಕರಗಿ ಮತ್ತೆ ಗಟ್ಟಿಯಾದ ಹಿಮ. ಸೀನಿಯರ್ ಎಂದು ಆಂಟಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ, ಗಾಬರಿಬಿದ್ದವರಿಗೆ ಯಾವ ರಿಯಾಯಿತಿಯೂ ಇಲ್ಲ.

ಕೆಲಸ ಇಷ್ಟೇ. ಹಿಕ್ಸ್‌ವಿಲ್ಲಿನ ಕನ್ನಡದವರ ತಿಂಗಳ ಕೂಟದಲ್ಲಿ ಹಳೆಯ ಹಾಲಿವುಡ್ ನಟನೊಬ್ಬನ ಬಗ್ಗೆ ಆಂಟಿ ಭಾಷಣ ಮಾಡುವುದು, ನಡುನಡುವೆ ನಾನು ಆ ನಟನ ಮಿಮಿಕ್ರಿ ಮಾಡುವುದು. ಹೆಸರು ಬರೆಯುವುದಿಲ್ಲ, ಬರೆದರೆ ನಮ್ಮ ಅಂಕಲ್‌ಗಳು ಸಿನಿಮಾಗಳ ಪಟ್ಟಿ ಹಿಡಿದು ಜಗಳಕ್ಕೆ ಬರುತ್ತಾರೆ. ಮೊದಮೊದಲು ಆತ ಗುಂಪಿನಲ್ಲಿ ಹಿಂದೆ ನಿಂತವನು. ಆಮೇಲೆ ಊರಿಗೆ ಬಂದ ಅಪರಿಚಿತ, ತಪ್ಪಿಸಿಕೊಂಡ ಕೈದಿ, ಮದುವೆಗೆ ಯಾರೂ ಕರೆಯದ ಬಂಧು. ಎಷ್ಟು ದೊಡ್ಡ ಹೆಸರಾದರೂ ಬಾಗಿಲಾಚೆ ನಿಲ್ಲುವ ಪಾತ್ರಗಳೇ ಅವನ ಪಾಲಿಗೆ. ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ನನ್ನ ಸೋದರಮಾವ ಅವನನ್ನು ಅನುಕರಿಸುತ್ತಿದ್ದರು: ಮಾತಿನ ಮಧ್ಯೆ ಕತ್ತು ಟಕ್ಕನೆ ತಿರುಗಬೇಕು, ಒಂದು ಪದ ಮಾಯವಾಗಬೇಕು. ಆ ಸಿನಿಮಾಗಳನ್ನು ನೋಡದೆಯೇ ಅವರಿಂದ ನಾನು ಕಲಿತೆ. ಜನ ಬಿದ್ದುಬಿದ್ದು ನಗುತ್ತಾರೆ.

ಗಾಬರಿ ಯಾಕೆಂದರೆ, ಆ ನಟನ ಮಗಳೇ ಬರುವವರಿದ್ದರು. ಎಪ್ಪತ್ತು ದಾಟಿದ ಆಕೆ ಹಿಕ್ಸ್‌ವಿಲ್ಲಿನ ಹತ್ತಿರವೇ ವಾಸ. ಅಲ್ಲಿಯ ನಮ್ಮವರ ದಿನಸಿ ಅಂಗಡಿಗೆ ಏಲಕ್ಕಿ ಕೊಳ್ಳಲು ಬಂದಾಗ ಆಂಟಿಗೆ ಪರಿಚಯವಾಗಿ, ಆಂಟಿ ಅಲ್ಲೇ ಕರೆದುಬಿಟ್ಟಿದ್ದರು. ತೀರಿಕೊಂಡ ತಂದೆಯನ್ನು ಮಗಳ ಮುಂದೆ ಅಣಕಿಸುವುದು! ನಾನು ಎಲ್ಲರನ್ನೂ ಅಣಕಿಸುವವನು, ಆದರೆ ಸಾಮಾನ್ಯವಾಗಿ ಅವರ ಮಕ್ಕಳಿಲ್ಲದ ಹೊತ್ತು ನೋಡಿ.

ನ್ಯೂ ಬ್ರನ್ಸ್‌ವಿಕ್ ದಾಟಿದ ಮೇಲೆ ಆಂಟಿ ಕೋಡುಬಳೆಯ ಡಬ್ಬಿ ತೆಗೆದು, ಭಾಷಣಕ್ಕೆ ಆರಿಸಿದ್ದ ದೃಶ್ಯವನ್ನು ಟ್ಯಾಬ್ಲೆಟ್ಟಿನಲ್ಲಿ ಹಾಕಿದರು. ಹೊಸದಾಗಿ ಶುದ್ಧಗೊಳಿಸಿದ ಪ್ರತಿ. ನಟ ಮಾತಾಡಿದ, ನೀರು ಹರಿದ ಹಾಗೆ. ಕತ್ತು ತಿರುಗಲಿಲ್ಲ. ಯಾವ ಪದವೂ ಮಾಯವಾಗಲಿಲ್ಲ.

"ಆಂಟಿ, ಕತ್ತು ಎಲ್ಲಿ?"

"ಹೇಳೋಣ ಅಂತಿದ್ದೆ ಕಣೋ, ಮರೆತೇಹೋಯ್ತು. ನಮ್ಮ ಟಾಕೀಸಿಗೆ ಪ್ರಿಂಟು ಬರ್ತಿದ್ದದ್ದೇ ಊರೂರು ಸುತ್ತಿ ಸವೆದು. ತುಂಡಾದ ಕಡೆಯೆಲ್ಲ ಅಂಟಿಸಿರೋರು. ಅವನು ಮಾತಾಡ್ತಿದ್ದ ಹಾಗೇ ಒಂದು ಚೂರು ಹಾರಿಹೋಗೋದು. ನಿಮ್ಮ ಮಾವ ಅದನ್ನೇ ಅವನ ಸ್ಟೈಲು ಅಂದ್ಕೊಂಡ್ರು. ನಾನೂ ಹಾಗೇ ಅಂದ್ಕೊಂಡಿದ್ದೆ ಅನ್ನು."

ಎರಡು ತಲೆಮಾರು ನಾವು ಅನುಕರಿಸಿದ್ದು ನಟನನ್ನಲ್ಲ, ಅಂಟನ್ನು. ಪೆನ್ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ಆಂಟಿಯ ಚೀಲ ಹೊತ್ತು ನಾನು ತಪ್ಪು ಮೆಟ್ಟಿಲು ಇಳಿದೆ. ಜಮೈಕಾ ಸ್ಟೇಷನ್ ಬರುವವರೆಗೂ ಕತ್ತು ತಿರುಗಿಸದೆ ಮಾತಾಡುವುದನ್ನು ಗೊಣಗುತ್ತಾ ಅಭ್ಯಾಸ ಮಾಡಿದೆ. ಎದುರು ಸೀಟಿನವನು ಎದ್ದು ಬೇರೆ ಬೋಗಿಗೆ ಹೋದ.

ಹಿಕ್ಸ್‌ವಿಲ್ ಸ್ಟೇಷನ್ನು ಎತ್ತರದ ಕಂಬಗಳ ಮೇಲಿದೆ. ಗಾಳಿ ಕಿವಿ ಕತ್ತರಿಸುತ್ತಿತ್ತು. ಕೂಟ ಸೇರುವ ಹಾಲಿಗೆ ಕೆಲವು ನಿಮಿಷದ ನಡಿಗೆ. ಅಧ್ಯಕ್ಷರಾದ ಧಾರವಾಡದ ಅಂಕಲ್ ಬಾಗಿಲಲ್ಲೇ ಹಿಡಿದರು. "ಏ ತಮ್ಮಾ, ಭಾಳ ಉದ್ದ ಮಾಡಬ್ಯಾಡ. ಬಿಸಿಬೇಳೆ ಆರಿಹೋಗ್ತೈತಿ." ಮುಂದಿನ ಸಾಲಿನಲ್ಲಿ, ನಟನ ಬೆಳ್ಳಿಗೂದಲಿನ ಮಗಳು ಕೈಕಟ್ಟಿ ಕೂತಿದ್ದರು. ಅದೇ ಗಲ್ಲ, ಅದೇ ಹುಬ್ಬು.

ನನ್ನ ಸರದಿ ಬಂದಾಗ ನೀರು ಹರಿದ ಹಾಗೆ ಮಾತಾಡಿದೆ. ಒಂದು ಮಗು ಅಮೆರಿಕನ್ ಇಂಗ್ಲಿಷಿನಲ್ಲಿ, ಈ ಅಣ್ಣ ಯಾರ ಥರ ಮಾಡ್ತಿದ್ದಾನೆ ಎಂದು ಅಮ್ಮನನ್ನು ಕೇಳಿತು.

"ಕತ್ತು ತಿರುಗಿಸೋ!" ಎಂದರು ಆಂಟಿ, ಮೈಕ್ ಆನ್ ಇರುವಂತೆಯೇ.

ತಿರುಗಿಸಿದೆ. ಪದ ನುಂಗಿದೆ. ಸಭೆಯೆಲ್ಲ ನಗೆಯಿಂದ ಸಿಡಿಯಿತು, ಅಧ್ಯಕ್ಷರು ಬಿಸಿಬೇಳೆಯನ್ನೂ ಮರೆತು ನಕ್ಕರು. ಮಗಳು ಮಾತ್ರ ಕೈಯೆತ್ತಿದರು.

"ನನ್ನ ತಂದೆ ಯಾವತ್ತೂ ಹಾಗೆ ಮಾಡಿದವರಲ್ಲ."

ನಗು ನಿಂತಿತು. ಇಂಗ್ಲಿಷ್ ಹುಡುಕಿ ಹುಡುಕಿ ಸವೆದ ಪ್ರಿಂಟು, ಅಂಟು, ಸೋದರಮಾವ ಎಲ್ಲವನ್ನೂ ಹೇಳಿದೆ. ಆಕೆಯ ಮುಖ ಹಾಗೇ ಇತ್ತು. ನನಗೆ ಕೂಡಲೇ ಪಿಸ್ಕಾಟವೇಗೆ ಓಡಬೇಕೆನಿಸಿತು.

ಆಗ ಆಂಟಿ ಭಾಷಣದ ಹಾಳೆ ಮಡಿಸಿಟ್ಟು ಆಕೆಯ ಕಡೆ ತಿರುಗಿದರು. "ಇನ್ನೊಂದು ವಿಷಯ. ಎಲ್ಲ ಸಿನಿಮಾದಲ್ಲೂ ಕೊನೆಗೆ ನಿಮ್ಮ ತಂದೆಯನ್ನು ಊರು ಬಿಡಿಸುತ್ತಾರೆ. ನಮ್ಮಲ್ಲಿಗೆ ಬಂದ ಒಂದು ಪ್ರಿಂಟಿನಲ್ಲಿ ಕೊನೆಯ ರೀಲೇ ಇರಲಿಲ್ಲ. ಹೋಟೆಲಿನವಳು ಬಾಗಿಲು ತೆರೆಯುತ್ತಾಳೆ, ಅವರು ಒಳಗೆ ಬರುತ್ತಾರೆ, ಟಾಕೀಸಿನ ದೀಪ ಹತ್ತುತ್ತದೆ. ಅಷ್ಟೇ. ನಾವು ಕಾಲೇಜು ಹುಡುಗಿಯರು ಅವರು ಅಲ್ಲೇ ಉಳಿದರು ಅಂದುಕೊಂಡೇ ಮನೆಗೆ ಹೋದೆವು. ಹೊರಗೆ ಹಾಕಿದರು ಅಂತ ಗೊತ್ತಾದದ್ದು ನ್ಯೂ ಜೆರ್ಸಿಗೆ ಬಂದ ಮೇಲೆ."

"ಉಳಿದರೇ?" ಎಂದರು ಮಗಳು. ಮುಂದೆ ಬಾಗಿ ನನ್ನನ್ನು ನೋಡಿದರು. "ಅದನ್ನು ಮಾಡಿ ತೋರಿಸು. ಒಳಗೆ ಬಂದ ಮೇಲೆ ಹೇಗಿದ್ದರು?"

ನಕಲು ಮಾಡಲು ಅಸಲೇ ಇಲ್ಲ. ಸ್ಟೀಲಿನ ಕುರ್ಚಿಯೊಂದನ್ನು ಎಳೆದು ಕೂತೆ. ಕೈ ಎಲ್ಲಿಡಬೇಕೋ ತಿಳಿಯದೆ ಮೊಣಕಾಲ ಮೇಲಿಟ್ಟೆ. ತುದಿಯಲ್ಲಿ ಕೂತಿದ್ದೇನೆ ಎಂದು ಗೊತ್ತಾಗಿ ಸ್ವಲ್ಪ ಹಿಂದೆ ಸರಿದೆ.

ಆಕೆ ಎದ್ದು ಬಂದರು. "ಕೋಟು ತೆಗಿ," ಎಂದರು. "ಉಳಿಯುವವರು ಕೋಟು ತೆಗೆಯುತ್ತಾರೆ."

ಅಷ್ಟು ಹೊತ್ತೂ ಜಾಕೆಟ್ಟಿನಲ್ಲೇ ಬೆವರುತ್ತಿದ್ದೆ. ಬಿಚ್ಚಿ ಕೊಟ್ಟೆ. ಆಕೆ ಅದನ್ನು ಕೊಡವಿ, ಭುಜದ ಹೊಲಿಗೆ ಸರಿಮಾಡಿ, ಕುರ್ಚಿಯ ಬೆನ್ನಿಗೆ ಹಾಕಿದರು. ಯಾರೂ ನಗಲಿಲ್ಲ. ನಗಿಸಲು ನಾನೂ ಹೋಗಲಿಲ್ಲ.

ಊಟಕ್ಕೆ ಆಕೆ ನಿಲ್ಲಲಿಲ್ಲ. ನಾವು ಬಿಸಿಬೇಳೆ ಮುಗಿಸಿ ಸ್ಟೇಷನ್ನಿಗೆ ಬಂದು ಮೇಲಿನಿಂದ ನೋಡಿದರೆ, ಕೆಳಗೆ ಪಾರ್ಕಿಂಗ್ ಲಾಟಿನಲ್ಲಿ ಆಕೆ ತನ್ನ ಕಾರಿನೊಳಗೆ ಕೂತಿದ್ದರು, ಎಂಜಿನ್ ಹಾಕದೆ.

"ಅವರು ಬೇಜಾರು ಮಾಡ್ಕೊಂಡ್ರಾ, ಆಂಟಿ?"

"ನನ್ನ ಕೇಳ್ತೀಯಲ್ಲೋ. ಇಳಿದು ಹೋಗಿ ಅವರನ್ನೇ ಕೇಳು."

ಇಳಿಯುವ ಧೈರ್ಯ ಬರುವಷ್ಟರಲ್ಲಿ ರೈಲು ಬಂತು. ಹತ್ತಿ ಕಿಟಕಿಯ ಬಳಿ ಕೂತು ಇಣುಕಿದೆ. ಸುತ್ತಲಿನ ಕಾರುಗಳೆಲ್ಲ ಹೋಗಿದ್ದವು. ಆಕೆಯದು ಇನ್ನೂ ಅಲ್ಲೇ ಇತ್ತು.