ಶಿರೋಳದ ಶಾಲೆಯಲ್ಲಿ ಎಸ್‌ಡಬ್ಲ್ಯೂಆರ್ ಮೀಟರ್

ಕಬನೂರಿನ ಶೆಡ್ಡುಗಳಲ್ಲಿ ಕೆಟ್ಟ ಪವರ್‌ಲೂಮ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ದೂರದೂರಿನ ಹವ್ಯಾಸಿಗಳೊಡನೆ ಮಾತಾಡುವ ಹ್ಯಾಮ್ ರೇಡಿಯೋ ನನ್ನ ಹುಚ್ಚು. ನನ್ನ ಹೆಂಡತಿ ಎರಡಕ್ಕೂ ‘ಖಟ್‌ಖಟ್’ ಎಂದೇ ಅನ್ನುತ್ತಾಳೆ.

ಆ ಮಳೆಗಾಲದಲ್ಲಿ ಶಿರೋಳದ ಸುತ್ತ ನೀರೇರಿ ಫೋನುಗಳೆಲ್ಲ ಬಂದಾದವು. ಎತ್ತರದಲ್ಲಿದ್ದ ಒಂದು ಶಾಲೆಯಲ್ಲಿ ಜನರನ್ನು ಇರಿಸಿದ್ದರು. ಅಲ್ಲಿಂದ ಸುದ್ದಿ ಕಳಿಸಲು ಯಾರಾದರೂ ಬೇಕೆಂದಾಗ ನಾನು ರೇಡಿಯೋ, ಬ್ಯಾಟರಿ, ಆಂಟೆನಾದ ತಂತಿ ಮತ್ತು ಅಂಗೈಯಗಲದ ಎಸ್‌ಡಬ್ಲ್ಯೂಆರ್ ಮೀಟರು ಕಟ್ಟಿಕೊಂಡು ಹೋದೆ. ರೇಡಿಯೋದಿಂದ ಹೊರಟ ಶಕ್ತಿಯಲ್ಲಿ ಎಷ್ಟು ಆಂಟೆನಾ ಹಿಡಿಯಿತು, ಎಷ್ಟು ವಾಪಸು ಬಂತು ಎಂದು ಆ ಮೀಟರು ಹೇಳುತ್ತದೆ. ಮುಳ್ಳು ಒಂದರ ಹತ್ತಿರವಿದ್ದರೆ ಕ್ಷೇಮ. ಮೂರು ದಾಟಿದರೆ ಮಾತಾಡಬಾರದು, ರೇಡಿಯೋ ಸುಟ್ಟೀತು.

ಧ್ವಜದ ಕಂಬದಿಂದ ಬೇವಿನ ಮರಕ್ಕೆ ತಂತಿ ಕಟ್ಟಿದೆ. ಮುಳ್ಳು ಮೂರು ದಾಟಿ ನಿಂತಿತು. ಕೇಬಲ್ ಬಿಚ್ಚಿ ಮತ್ತೆ ಜೋಡಿಸಿದೆ. ಅಲ್ಲೇ ನಿಂತಿತ್ತು.

ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಕೇಳಿದಳು, “ಏನ್ ಹೇಳತೈತ್ರಿ ಅದು?”

“ಕಳಿಸಿದ್ದೆಲ್ಲಾ ತಿರುಗಿ ಬರಾಕತ್ತೈತ್ರಿ ಅವ್ವಾ.”

“ಗಡಹಿಂಗ್ಲಜದಾಗ ನನ್ನ ತಂಗಿ ಅದಾಳ. ಅಕಿಗೆ ಏನ್ ಕಳಿಸಿದ್ರೂ ಹಂಗ ತಿರುಗಿ ಬರತೈತಿ.”

ಈಕೆಯ ಮಗಳ ಮದುವೆಯಲ್ಲಿ ಒಂದು ಸೀರೆಯ ಸಲುವಾಗಿ ಅಕ್ಕತಂಗಿಯರಿಗೆ ಮಾತು ಬಿಟ್ಟುಹೋಗಿತ್ತಂತೆ. ಆ ಮಗಳಿಗೀಗ ಮಕ್ಕಳಾಗಿ ಅವೂ ಶಾಲೆಗೆ ಹೋಗುತ್ತಿದ್ದವು.

ತಂತಿಯ ಗುಂಟ ನಡೆದು ನೋಡಿದೆ. ಮಳೆಗೆ ಹಗ್ಗ ಸಡಿಲಾಗಿ ತಂತಿಯ ತುದಿ ಅಡುಗೆಕೋಣೆಯ ತಗಡಿನ ಮೇಲೆ ಆರಾಮಾಗಿ ಮಲಗಿತ್ತು. ಎತ್ತಿ ಬಿಗಿದು ಕಟ್ಟಿದೆ. ಮುಳ್ಳು ಒಂದೂವರೆಗೆ ಇಳಿಯಿತು. ರೇಡಿಯೋದಲ್ಲಿ ಕೂಗಿದೆ. ಗಡಹಿಂಗ್ಲಜದಲ್ಲಿ ಸೈಕಲ್ ಅಂಗಡಿ ಇಟ್ಟಿರುವ, ನನ್ನಂಥದೇ ಹುಚ್ಚಿನ ಗೆಳೆಯ ಓಗೊಟ್ಟ. ಹಾಲಿನ ಪುಡಿ, ಹೊದಿಕೆ, ಹಾವು ಕಡಿತದ ಔಷಧ ಬೇಕೆಂದು ಹೇಳಿದೆ. ಬರೆದುಕೊಂಡ.

ಆ ಹೆಂಗಸು ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಳು.

“ನನ್ನ ತಂಗೀಗೂ ಹೇಳ್ರಿ. ಬೆಲ್ಲದ ವ್ಯಾಪಾರದವ್ರ ಮನಿ, ಪ್ಯಾಟ್ಯಾಗ. ನಾ ಅದೀನಿ ಅಂತ ಅಷ್ಟ ಹೇಳ್ರಿ. ಮತ್ತೇನೂ ಬ್ಯಾಡ.”

ಅದನ್ನೂ ಹೇಳಿದೆ. ಗೆಳೆಯ ಅಂಗಡಿ ಮುಚ್ಚಿ ಆ ಮನೆಗೆ ಹೋಗಿಬಂದ. ಮಧ್ಯಾಹ್ನ ಅವನ ದನಿ ಬಂತು: “ಆ ಅವ್ವಾರಿಗೆ ಹೇಳು. ತಂಗಿ ಅಂದಾರ, ‘ಅಕಿ ಸತ್ತಿಲ್ಲಂತ ನನಗೂ ಗೊತ್ತಿತ್ತು. ಸಕ್ಕರಿ ಬ್ಯಾನಿ ಗುಳಗಿ ತಂದಾಳೋ ಇಲ್ಲೋ ಕೇಳ್ರಿ’ ಅಂತ.”

ಆಕೆ ಸೆರಗಿನ ತುದಿ ಹಿಂಡಿದಳು, ಬಿಡಿಸಿದಳು, ಮತ್ತೆ ಹಿಂಡಿದಳು. ಬ್ಯಾಟರಿ ಖರ್ಚಾಗುತ್ತಿತ್ತು. ಆದರೂ ನಾನು ರೇಡಿಯೋ ಆರಿಸಲಿಲ್ಲ.

“ಮನ್ಯಾಗ ಉಳದಾವ ಅಂತ ಹೇಳ್ರಿ,” ಅಂದಳು ಕಡೆಗೆ.

ಮರುದಿನ ಹಾಲಿನ ಪುಡಿಯ ಟೆಂಪೋದಲ್ಲಿ ಗುಳಿಗೆಯ ಪೊಟ್ಟಣ ಬಂತು. ಅದರ ಹಿಂದೆಯೇ ತಂಗಿ ಇಳಿದಳು. ಅಕ್ಕನಷ್ಟೇ ಗಿಡ್ಡ, ಅಕ್ಕನದೇ ಮೂಗು. ಸುತ್ತ ನೋಡಿ, ನೇರ ನನ್ನ ಹತ್ತಿರ ಬಂದು, “ಅಕಿ ಅರಿವಿಗಂಟು ಎಲ್ಲೈತ್ರಿ?” ಎಂದು ಕೇಳಿದಳು. ಅಕ್ಕ ಪಕ್ಕದಲ್ಲೇ ನಿಂತಿದ್ದಳು.

ಬಟ್ಟೆಯ ಗಂಟನ್ನು ನಾನೇ ಟೆಂಪೋದಲ್ಲಿ ಇಟ್ಟೆ. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡದೆ ಹತ್ತಿ, ಒಂದೇ ಚೀಲದ ಮೇಲೆ ಒತ್ತಿಕೊಂಡು ಕೂತು ಗಡಹಿಂಗ್ಲಜಕ್ಕೆ ಹೋದರು.