ಬಾಯಲ್ಲಿ ಬರಬಾರದ ಮಾತು

ಈ ಸಲದ ಅವರೆಕಾಯಿಗೆ ಸೊಗಡು ಜಾಸ್ತಿ. ನೆನ್ನೆ ಸಂಜೆ ಕಾಯಿ ಸುಲಿದು, ಸೋಪು ಹಾಕಿ ತೊಳೆದರೂ ಬೆರಳಿನಿಂದ ವಾಸನೆ ಹೋಗಲಿಲ್ಲ. ಅದು ಮೂಗಿಗೆ ಬಡಿದದ್ದೇ ತಡ, ನಮ್ಮ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಕೌನ್ಸೆಲಿಂಗ್ ಮೇಡಂ ಕಣ್ಣ ಮುಂದೆ ಬಂದರು...

ಮೊದಲ ಸಲ ಬಂದಾಗ ಕುರ್ಚಿ ಹಾಕಿದೆ. ಕೂರಲಿಲ್ಲ. "ನಾನೇನ್ ಹೆಣ್ಣು ನೋಡಕ್ ಬಂದಿದ್ದೀನಾ, ಗೊಂಬೆ ಥರ ಕೂತ್ಕಳಕ್ಕೆ? ಆ ಮೊರ ತಳ್ಳವ್ವ ಇತ್ಲಾಗೆ" ಅಂದು ನನ್ನ ಜೊತೆ ಕಾಯಿ ಸುಲಿಯತೊಡಗಿದರು.

ಅವರು ಬಂದದ್ದು ನನ್ನ ಮೈದುನನಿಗಾಗಿ. ದೇವರ ಹೆಸರು ಹೇಳಿಕೊಂಡು ಜನರ ಮೇಲೆ ಕೈ ಎತ್ತುವ ಒಂದು ಗುಂಪಿಗೆ ಅವನು ಸೇರಿಬಿಟ್ಟಿದ್ದ. ಬೆಳಗಾಗೆದ್ದು ಸ್ನಾನ ಮಾಡಿ, ಹಣೆಗೆ ಕುಂಕುಮ ಇಟ್ಟು ಹೊರಡುವ ಹುಡುಗನನ್ನು ಯಾವ ಮನೆಯವರು ತಡೆಯುತ್ತಾರೆ? ಒಂದು ದಿನ ಬಂದವನೇ, "ಇನ್ ಅಲ್ಲಿಗೆ ಓಗಕಿಲ್ಲ" ಅಂದ. ಅವತ್ತಿನಿಂದ ಹಾಸಿಗೆ ಬಿಟ್ಟು ಏಳಲಿಲ್ಲ. ಊಟ ಬೇಡ, ಮಾತು ಬೇಡ.

ಆ ಗುಂಪಿನ ಹುಡುಗರು ನಮ್ಮ ಮನೆ ಮುಂದೆ ಬೈಕು ನಿಲ್ಲಿಸಿ, ಸುಮ್ಮನೆ ಗುರ್ರೆನಿಸಿ ಹೋಗುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೂ ಅಷ್ಟು ಭಯವಾಗುತ್ತಿರಲಿಲ್ಲವೇನೋ. ಬೈಕಿನ ಸದ್ದು ಕೇಳಿದರೆ ನಾನು ಓಡಿಹೋಗಿ ಬಾಗಿಲ ಚಿಲಕ ಹಾಕುತ್ತಿದ್ದೆ.

ನನ್ನ ಯಜಮಾನರು ಅವನನ್ನು ಒಂದು ಸಲ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮನಸ್ಸಿಗೆ ಬಂದಿರುವ ಕಾಯಿಲೆ ಅಂದು ಮಾತ್ರೆ ಕೊಟ್ಟರು, ಮೇಡಂ ಹತ್ತಿರ ಮಾತಾಡಲು ಬರಬೇಕೆಂದರು. ಆದರೆ ಆ ಹುಡುಗರ ಭಯಕ್ಕೆ ಇವನು ಆಮೇಲೆ ಹೊಸ್ತಿಲು ದಾಟಲಿಲ್ಲ. ಮೇಡಂ ಮಳವಳ್ಳಿಯವರು. ಶನಿವಾರ ಊರಿಗೆ ಹೋಗುವಾಗ ಮದ್ದೂರಿನಲ್ಲಿ ಇಳಿದು ನಮ್ಮ ಮನೆಗೆ ಬರಲು ಒಪ್ಪಿದರು. ದೇವರು ದೊಡ್ಡದೇನೂ ಕೊಡದಿದ್ದರೂ ಇಂಥದ್ದನ್ನು ಕೊಡುತ್ತಾನೆ.

ಎರಡು ವಾರ ಅವನು ಕೋಣೆಯಿಂದಲೇ ಬರಲಿಲ್ಲ. ಆಮೇಲೊಂದು ಶನಿವಾರ ಬಂದು ಅಡುಗೆಮನೆ ಬಾಗಿಲಲ್ಲಿ ಕೂತ. ಮೇಡಂ ತಲೆ ಎತ್ತದೆ ಒಂದು ಹಿಡಿ ಕಾಯಿ ಅವನ ಮುಂದೆ ಸುರಿದರು. ಸುಲಿಯುತ್ತ ಸುಲಿಯುತ್ತ ಹೇಳಿದ. ರಸ್ತೆಯಲ್ಲಿ ಒಂದು ವ್ಯಾನು ತಡೆದರಂತೆ, ಡ್ರೈವರನ್ನು ಎಳೆದು ಹೊಡೆದರಂತೆ. ಇವನು ಆ ಮನುಷ್ಯನ ಕೈ ಹಿಡಿದುಕೊಂಡಿದ್ದನಂತೆ.

"ಅವ್ನ ಬುತ್ತಿ ಬಿದ್ದು ಬಿಚ್ಕತ್ತು ಮೇಡಂ. ಮುದ್ದೆ, ಸೊಪ್ಪಿನ ಸಾರು. ನಮ್ಮನೆ ಊಟಾನೇ..."

ಮೇಡಂ 'ಹೋಗಲಿ ಬಿಡು' ಅನ್ನಲಿಲ್ಲ, ಬೈಯಲೂ ಇಲ್ಲ. "ಊಂ, ಆಮೇಲೆ?" ಅಂದರು, ಅಷ್ಟೇ.

ಹೊರಡುವಾಗ ನನ್ನನ್ನು ಬಾಗಿಲಿಗೆ ಕರೆದರು. "ಅವ್ನು ಸುಮ್ಕಾದಾಗ ನೀನು ಹೆದ್ರಕಂಡು ಸುಮ್ಕಾಗ್ಬೇಡ. 'ಸಾಯ್ಬೇಕು ಅನ್ನಿಸ್ತದೇನಪ್ಪ' ಅಂತ ಬಾಯ್ಬುಟ್ಟು ಕೇಳು."

ನಾನು ಬಾಯಿ ಮುಚ್ಚಿಕೊಂಡೆ. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟದ್ದು ಆಡಿದರೆ ಹಾಗೇ ಆಗಲಿ ಅಂದುಬಿಡುತ್ತಾರೆ ಎಂದು ನಂಬಿ ಬೆಳೆದವಳು ನಾನು. ಒಳಗಿದ್ದ ಅತ್ತೆಗೂ ಕೇಳಿಸಿತು. "ಬುಡ್ತು ಅನ್ನಿ, ಬುಡ್ತು ಅನ್ನಿ! ದೀಪ ಅಚ್ಚೋ ಒತ್ನಲ್ಲಿ ಎಂತಾ ಮಾತ್ನವ್ವ ಇದು!"

"ಬುಡ್ತು ಕಣಜ್ಜಿ," ಅಂದರು ಮೇಡಂ. "ಆದ್ರೆ ಕೇಳಿದ್ರೆ ಆ ಯೋಚ್ನೆ ಹೊಸ್ದಾಗಿ ಬರಕಿಲ್ಲ. ಇದ್ರೆ ಆಚ್ಗೆ ಬತ್ತದೆ."

ಅತ್ತೆ ಮುತ್ತತ್ತಿರಾಯನಿಗೆ ಮುಡಿಪು ಕಟ್ಟಿದರು. ನಾನು ಆ ಮಾತನ್ನು ನಾಲಿಗೆ ತುದಿಗೆ ತಂದು ತಂದು ನುಂಗುತ್ತಿದ್ದೆ.

ಆ ವಾರವೇ ಒಂದು ಮಧ್ಯಾಹ್ನ ಬೈಕುಗಳು ಬಂದು ಹೋದವು. ಆಮೇಲೆ ಮೈದುನ ತಾನಾಗಿ ಎದ್ದ. ಸ್ನಾನ ಮಾಡಿದ. ತಟ್ಟೆಗೆ ಬಡಿಸಿದ್ದನ್ನೆಲ್ಲ ಉಂಡು, "ಸಾರು ಚೆಂದಾಗದೆ ಅತ್ಗೆ" ಅಂದ. "ರಾಯ ಕಣ್ಬುಟ್ಟ ಕಣಮ್ಮಿ" ಎಂದು ಅತ್ತೆ ಕೈಮುಗಿದರು. ಮುಸ್ಸಂಜೆ ನಾನು ದೀಪ ಹಚ್ಚಲು ಹೋದೆ. ಅವನು ತನ್ನ ವಾಚು ಬಿಚ್ಚಿ ದೇವರ ಗೂಡಿನಲ್ಲಿ ಇಟ್ಟಿದ್ದ, ಇನ್ನು ತನಗೆ ಬೇಡ ಅನ್ನುವವನ ಹಾಗೆ.

ದೀಪದ ಬತ್ತಿ ಕೈಯಲ್ಲೇ ಇತ್ತು. ತಪ್ಪಾಯಿತು ಸ್ವಾಮಿ ಅಂದುಕೊಂಡು, ಹಚ್ಚದೆ, ಅವನ ಕೋಣೆಗೆ ಹೋದೆ.

"ಸಾಯ್ಬೇಕು ಅನ್ನಿಸ್ತದೇನಪ್ಪ ನಿಂಗೆ?"

ಅವನು ನನ್ನನ್ನೇ ನೋಡಿದ. ಬೀದಿಯಲ್ಲಿ ಯಾರೋ ಹಾಲಿನ ಕ್ಯಾನು ಇಳಿಸಿದ ಸದ್ದಾಯಿತು.

"ಊಂ ಅತ್ಗೆ. ಇವತ್ತೇ ಅನ್ಕಂಡಿದ್ದೆ."

ಆಮೇಲೆ ಅತ್ತ. ನಾನು ಅವನ ಕೈ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಮೇಡಂಗೆ ಫೋನು ಮಾಡಿದೆ. "ಕೈ ಬುಡ್ಬೇಡ, ಬತ್ತಾ ಇದ್ದೀನಿ" ಅಂದರು. ಬಂದರು. ಯಜಮಾನರ ಜೊತೆ ತಾವೂ ಆಟೋ ಹತ್ತಿ ಅವನನ್ನು ಆಸ್ಪತ್ರೆಗೆ ಸೇರಿಸಿದರು. ಅವತ್ತು ನಮ್ಮ ಮನೆಯಲ್ಲಿ ದೀಪ ಹಚ್ಚಿದ್ದು ತಡವಾಗಿ. ದೇವರು ಮುನಿಸಿಕೊಳ್ಳಲಿಲ್ಲ.

ಅವನು ಒಂದೇ ಸಲಕ್ಕೆ ಸರಿಹೋಗಲಿಲ್ಲ. ಮಾತ್ರೆ, ಮಾತು, ಮತ್ತೆ ಮಲಗುವುದು, ಮತ್ತೆ ಏಳುವುದು... ಈಗ ಹನಕೆರೆಯಲ್ಲಿ ಮೋಟಾರು ರಿಪೇರಿ ಮಾಡುತ್ತಾನೆ. ಮೇಡಂ ಹೋಗಿಬಿಟ್ಟರು. ಒಳಗೇ ಕಾಯಿಲೆ ಇತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ನಮಗೆ ಗೊತ್ತಾಗುವಾಗ ತಿಥಿಯೂ ಮುಗಿದಿತ್ತು. ಅವರ ನಂಬರನ್ನು ಫೋನಿನಿಂದ ತೆಗೆಯಲು ನನಗೆ ಇನ್ನೂ ಮನಸ್ಸು ಬಂದಿಲ್ಲ.

ನೆನ್ನೆ ಕೈ ತೊಳೆದು ಬಂದರೆ ಬಾಗಿಲಲ್ಲಿ ಒಬ್ಬ ಹೆಂಗಸು. ಬೈಕಿನಲ್ಲಿ ಬರುತ್ತಿದ್ದ ಆ ಹುಡುಗರಲ್ಲಿ ಒಬ್ಬನ ತಾಯಿ. "ನನ್ ಮಗ ಆ ಗುಂಪು ಬುಟ್ಟವ್ನೆ ಕಣವ್ವ. ಈಗ ಯಾರ್ ಜೊತೇಲೂ ಮಾತಿಲ್ಲ, ಕಥೆ ಇಲ್ಲ. ನಿಮ್ ಮೇಡಮ್ಮನ ನಂಬರ್ ಕೊಡು" ಅಂದಳು.

ಅವರು ಇಲ್ಲ ಅಂದೆ. ಆಕೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಒಳಗಿನಿಂದ ಮೈದುನ ಅಂಗಿ ತೊಟ್ಟುಕೊಳ್ಳುತ್ತಾ ಬಂದ.

"ನಡಿಯಮ್ಮ. ನಾನ್ ಕೇಳ್ತೀನಿ ಅವನ್ನ. ಬೆಳಿಗ್ಗೆ ಆಸ್ಪತ್ರೆಗೂ ನಾನೇ ಕರ್ಕಂಡೋಯ್ತೀನಿ."

ಆ ಬೀದಿಗೆ, ಆ ಹುಡುಗರ ನಡುವೆ... ಬ್ಯಾಡ ಕಣಪ್ಪ ಅನ್ನುವ ಮಾತು ಬಾಯಿಗೆ ಬಂದಿತ್ತು. ಬೈಕಿನ ಸದ್ದಿಗೆ ಇವತ್ತಿಗೂ ನನ್ನ ಕೈ ಚಿಲಕಕ್ಕೆ ಹೋಗುತ್ತದೆ. ಆದರೆ ಆ ತಾಯಿಯ ಮುಖ ನೋಡಿ ಹೇಗೆ ಹೇಳಲಿ? ಮೇಡಂ ಇದ್ದಿದ್ದರೆ ಅವರೇ ಬಸ್ಸಿಳಿದು ಬರುತ್ತಿದ್ದರು. ಅವರಿಲ್ಲವಲ್ಲ. ಅದಕ್ಕೇ ಇವನು ಹೋದ.