ಮುಳ್ಳು ಹಾಕಿದ ಮನೆ

ನನ್ನ ಯಜಮಾನರು ತೀರಿಕೊಂಡದ್ದು ಕೆಟ್ಟ ನಕ್ಷತ್ರದಲ್ಲಿ ಎಂದು ಹಿರಿಯರು ತೀರ್ಮಾನಿಸಿದರು. ಆರು ತಿಂಗಳು ಮನೆ ಬಿಡಬೇಕು, ಬಾಗಿಲಿಗೆ ಮುಳ್ಳು ಹಾಕಬೇಕು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾನು ಇಂಥದ್ದಕ್ಕೆಲ್ಲ ಮೂಗು ಮುರಿಯುವವಳು. ಆದರೂ ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ನಮ್ಮ ಮನೆ ಬಾಗಿಲಿಗೆ ಜಾಲಿಮುಳ್ಳಿನ ಕೊಂಬೆ ಕಟ್ಟುವಾಗ ಬೇಡ ಎನ್ನಲಿಲ್ಲ. ಆಮೇಲೆ ಹೊಳಲ್ಕೆರೆಯ ಅಕ್ಕನ ಮನೆ ಸೇರಿದೆ.

ಯಾರಿಗೂ ಹೇಳದ ಮಾತೊಂದಿತ್ತು. ಯಜಮಾನರು ಇನ್ನೂ ಆ ಮನೆಯಲ್ಲೇ ಇದ್ದಾರೆ ಎಂದು ನಂಬಿಬಿಟ್ಟಿದ್ದೆ. ಹಿರಿಯರು ಹೆದರಿದ್ದೂ ಅದಕ್ಕೇ. ನನಗೆ ಮಾತ್ರ ಅದೇ ಧೈರ್ಯ. ಅಕ್ಕ ಸಂಜೆ ದೀಪ ಹಚ್ಚುವಾಗ, ಅಲ್ಲಿ ಕತ್ತಲಲ್ಲಿ ಒಬ್ಬರೇ ಕೂತಿರುತ್ತಾರಲ್ಲ ಎನಿಸುತ್ತಿತ್ತು. ಊಟ ಸೇರುತ್ತಿರಲಿಲ್ಲ.

“ಎಷ್ಟು ದಿನಾಂತ ಮುಚ್ಚಿ ಇಡ್ತೀಯೆ? ಒಬ್ಬಳೇ ಅಲ್ಲಿ ಇರಾಕಾಗಲ್ಲ ನಿನಗೆ. ಬಾಡಿಗೆಗೆ ಕೊಟ್ಟುಬಿಡು,” ಎಂದಳು ಅಕ್ಕ.

ಮುಳ್ಳು ಹಾಕಿದ ಮನೆಗೆ ಯಾರು ಬರುತ್ತಾರೆ ಎಂದು ಒಳಗೊಳಗೇ ನಿಶ್ಚಿಂತೆಯಾಗಿದ್ದೆ. ಬಂದರು. ಪೇಟೆಯ ಟೈಲರೊಬ್ಬರು, ಮುಸ್ಲಿಮರು. “ನಮ್ಮಲ್ಲಿ ನಕ್ಷತ್ರ ಗಿಕ್ಷತ್ರ ನೋಡಲ್ರಿ ಮೇಡಂ. ಗಾಳಿ ಬೆಳಕು ಐತಲ್ಲ, ಸಾಕು,” ಎಂದರು.

ಆಗ ಬ್ಯಾಂಕಿನ ಸಾಲವೇ ನನಗೆ ಆಸರೆಯಾಗಿ ಕಂಡಿತು. ನಾವೇ ವಾಸವಿರುತ್ತೇವೆಂದು ಹೇಳಿ ಸಾಲ ತೆಗೆದು ಕಟ್ಟಿಸಿದ ಮನೆ. ಬಾಡಿಗೆಗೆ ಕೊಡುವ ಮುಂಚೆ ಬ್ಯಾಂಕಿನವರ ಒಪ್ಪಿಗೆ ಬೇಕು. ಆಗುವುದಿಲ್ಲ ಎಂದುಬಿಡಲಿ ಎಂದು ದೇವರಿಗೆ ಕೈಮುಗಿದೇ ಅರ್ಜಿ ಕೊಟ್ಟೆ. ಬ್ಯಾಂಕಿನ ಅಧಿಕಾರಿ ಯಾವತ್ತೂ ಇಲ್ಲದ ಒಳ್ಳೆತನ ತೋರಿಸಿದರು.

“ಅದಕ್ಕೇನ್ರಿ ಮೇಡಂ, ಕೊಡಾಣ. ಒಂದ್ಸಲ ಮನೆ ಒಳಗೆ ನೋಡಿ ಫೋಟೊ ತಗಬೇಕು, ಅಷ್ಟೆ.”

ಆರು ತಿಂಗಳು ಇನ್ನೂ ತುಂಬಿರಲಿಲ್ಲ. ಅವಧಿಗೆ ಮುಂಚೆ ಮುಳ್ಳು ತೆಗೆಯಬಾರದೆಂದು ಅಕ್ಕ ಬಾಯಿಗೆ ಬಂದಂತೆ ಬೈದಳು. ನಾನೇ ಹೋಗಿ ಮುಳ್ಳು ಬಿಚ್ಚಿದೆ, ಕೈ ತರಚಿತು. “ಎರಡು ನಿಮಿಷ ಕುಂತ್ಕಳ್ರಿ ಸಾರ್, ಕಿಟಕಿ ತೆಗೀತೀನಿ,” ಎಂದು ಅಧಿಕಾರಿಯನ್ನು ವರಾಂಡದಲ್ಲಿ ಕೂರಿಸಿ ಒಬ್ಬಳೇ ಒಳಗೆ ಹೋದೆ.

ಬೇರೆಯವರು ಬರುತ್ತಾರೆ, ನನ್ನ ಜೊತೆ ಹೊಳಲ್ಕೆರೆಗೆ ಬಂದುಬಿಡಿ ಎಂದು ಯಜಮಾನರಿಗೆ ಹೇಳಬೇಕಿತ್ತು. ಮಲಗುವ ಕೋಣೆಯಲ್ಲಿ ನಿಂತು ಮೆಲ್ಲಗೆ “ರೀ” ಎಂದೆ. ಅಡುಗೆಮನೆಯಲ್ಲಿ ಕರೆದೆ. ಹಿತ್ತಲ ಬಾಗಿಲಲ್ಲಿ ಇನ್ನೊಂದು ಸಲ ಕರೆದೆ. ಧೂಳಿನ ವಾಸನೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಮೈ ಜುಮ್ಮೆನ್ನಲಿಲ್ಲ, ಒಂದು ಪಾತ್ರೆಯೂ ಸದ್ದು ಮಾಡಲಿಲ್ಲ. ದೆವ್ವಕ್ಕೆ ಹೆದರುವವರ ಮೇಲೆ ಹೊಟ್ಟೆಕಿಚ್ಚಾಯಿತು.

ಕಿಟಕಿ ತೆಗೆದೆ. ಅಧಿಕಾರಿ ಒಳಗೆ ಬಂದು ಫೋಟೊ ತೆಗೆದುಕೊಂಡರು. ಹೊರಡುವಾಗ, “ಸದ್ಯಕ್ಕೆ ಮನೇಲಿ ಯಾರಿದಾರೆ ಅಂತ ಬರೀಲಿ ಮೇಡಂ?” ಎಂದು ಕೇಳಿದರು.

“ಯಾರೂ ಇಲ್ಲ ಅಂತ ಬರ್ಕಳ್ರಿ,” ಎಂದೆ.

ಸಾವಿನ ದಿನ ಎಲ್ಲರೂ ಅತ್ತುಬಿಡು ಎಂದರೂ ಅಳದಿದ್ದವಳು, ಸಂಬಂಧವೇ ಇಲ್ಲದ ಆ ಮನುಷ್ಯನ ಮುಂದೆ ಹೊಸ್ತಿಲ ಮೇಲೆ ಕುಸಿದು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ.